ಅಂಚು ಉಜ್ಜಿದ ಕಲ್ಲು

ಮೋಟಾರ್ ಸೈಕಲ್ ಮೇಲಿಂದ ಬಿದ್ದವನ ಬೆರಳುಗಳು ಅಷ್ಟು ನೇರ ಗೆರೆಯಲ್ಲಿ ಹೇಗೆ ತುಂಡಾದಾವು? ರಸ್ತೆ ತರಚುತ್ತದೆ, ಜಜ್ಜುತ್ತದೆ, ಚರ್ಮ ಸುಲಿಯುತ್ತದೆ. ಗೆರೆ ಎಳೆಯುವುದಿಲ್ಲ. ಇಷ್ಟು ಗೊತ್ತಿದ್ದೂ ಈ ಕಾಗದದ ಮೇಲೆ ‘ಅಪಘಾತ’ ಎಂದು ಬರೆದು ಮುಗಿಸಿದರೆ ಕೇಳುವವರು ಯಾರೂ ಇಲ್ಲ. ಗಾಯಾಳುವಿನ ಕಡೆಯವರೇ ಮೂರು ದಿನದಿಂದ ಸುಮ್ಮನಿದ್ದಾರೆ. ಸುಮ್ಮನಿರಬೇಕೆಂದು ತೀರ್ಮಾನಿಸಿದವರನ್ನು ಮಾತಾಡಿಸುವುದು ತನ್ನ ಕೆಲಸವೋ ಅಲ್ಲವೋ ಎಂದು ಪಿಎಸ್‌ಐ ಸಂಗಮೇಶ್ವರ ಅವರಿಗೆ ತಿಳಿಯಲಿಲ್ಲ.

2025ರ ಫೆಬ್ರುವರಿ 10, ಸೋಮವಾರ, ಬೆಳಿಗ್ಗೆ 10.20. ಶಹಾಬಾದ ಠಾಣೆ. ಅವರ ಮೇಜಿನ ಮೇಲಿದ್ದದ್ದು ಕಲಬುರಗಿಯ ಆಸ್ಪತ್ರೆಯಿಂದ ಗಾಯದ ಬಗ್ಗೆ ಪೊಲೀಸರಿಗೆ ಬಂದ ಎಂಎಲ್‌ಸಿ ಪತ್ರ. ಗಾಯಾಳು ತೌಸೀಫ್, ವಯಸ್ಸು 26, ವಾಡಿ ರಸ್ತೆಯ ಒಂದು ಫರಸಿ ಕಲ್ಲಿನ ಕಾರ್ಖಾನೆಯಲ್ಲಿ ಕಟಿಂಗ್ ಮಶೀನ್ ನಡೆಸುವವನು. 7ನೇ ತಾರೀಖು ಶುಕ್ರವಾರ ಮಧ್ಯಾಹ್ನ ಮೋಟಾರ್ ಸೈಕಲ್ ಮೇಲಿಂದ ಬಿದ್ದು ಬಲಗೈಯ ನಾಲ್ಕು ಬೆರಳು ಹೋಗಿವೆ ಎಂದು ಕರೆತಂದವರ ಹೇಳಿಕೆ. ಕರೆತಂದವರು ಕಾರ್ಖಾನೆಯ ಮ್ಯಾನೇಜರ್ ಆನಂದಕುಮಾರ. ಕೆಳಗೆ ವೈದ್ಯರು ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದರು: ಬೆರಳುಗಳು ನೇರ ಗೆರೆಯಲ್ಲಿ ತುಂಡಾಗಿವೆ, ಗಾಯದಲ್ಲಿ ಬೂದು ಬಣ್ಣದ ಕಲ್ಲಿನ ರಾಡಿ ಇತ್ತು.

ಆ ಹೊತ್ತಿಗೆ ತೌಸೀಫನ ತಾಯಿ ಲತೀಫಾ ಠಾಣೆಯ ಮೆಟ್ಟಿಲು ಹತ್ತಿ ಬಂದಳು.

“ಖಾಲಾ, ಕುಂದರ್ರಿ,” ಎಂದ ಹೆಡ್ ಕಾನ್‌ಸ್ಟೆಬಲ್ ಶೌಕತ ಅಲಿ.

“ಕುಂದರ್ಲಿಕ್ಕ ಬಂದಿಲ್ಲಪ್ಪ. ಬರೆಸ್ಲಿಕ್ಕ ಬಂದೀನಿ.”

ಅವಳು ಸೆರಗಿನ ಗಂಟು ಬಿಚ್ಚಿ ಒಂದು ಬಿಳಿಯ ಪಿಂಗಾಣಿ ಫ್ಯೂಜನ್ನು ಮೇಜಿನ ಮೇಲಿಟ್ಟಳು. ಅದರ ಒಂದು ಮಗ್ಗುಲಿಗೆ ರಕ್ತ ಒಣಗಿ ಕಪ್ಪಾಗಿತ್ತು.

“ಏನಿದು?” ಸಂಗಮೇಶ್ವರ ಕೇಳಿದರು.

“ಮಶೀನಿಗಿ ಮೂರು ಫ್ಯೂಜ್ ಸಾಬ್, ಇದು ನಡುವಿಂದು. ಇದಿಲ್ಲಂದ್ರ ಸ್ಟಾರ್ಟರ್ ಹಿಡಿಯಂಗಿಲ್ಲ. ಮಶೀನ್ ಬಿಟ್ಟು ಹೋಗಬೇಕಾದ್ರ, ಇಲ್ಲಾ ರಾಡಿ ತೆಗೀಲಿಕ್ಕ ಕೆಳಗ ಗುಂಡಿಗಿ ಇಳೀಬೇಕಾದ್ರ, ಇದನ್ನ ತೆಗೆದು ಕಿಸೆದಾಗ ಇಟ್ಕೋಬೇಕು. ನನ್ನ ಗಂಡನೂ ಹಂಗೇ ಮಾಡ್ತಿದ್ದ. ಆಸ್ಪತ್ರ್ಯಾಗ ಮಗನ ಅಂಗಿ ಬಿಚ್ಚಿ ನನ್ನ ಕೈಗೆ ಕೊಟ್ಟಿದ್ರು. ನಿನ್ನೆ ಒಗೀಲಿಕ್ಕ ತೆಗದೆ, ಕಿಸೆದಾಗ ಇದು ಸಿಕ್ತು. ಇದು ಅವನ ಹತ್ರಾನೇ ಇದ್ರ ಬ್ಲೇಡ್ ಹೆಂಗ ತಿರಗ್ತು?”

“ಮೋಟಾರ್ ಸೈಕಲ್ ಮ್ಯಾಲಿಂದ ಬಿದ್ದಾನ ಅಂತ ಬರೆಸ್ಯಾರಲ್ಲ?”

“ಅವನ ಹತ್ರ ಸೈಕಲ್ಲೇ ಇಲ್ಲ ಸಾಬ್. ಮೋಟಾರ್ ಎಲ್ಲಿಂದ ಬಂತು?”

ಶೌಕತ ಅಲಿ ಮುಖ ಬೇರೆ ಕಡೆ ತಿರುಗಿಸಿಕೊಂಡ.

“ಮೂರು ದಿನ ಯಾಕ ಬರಲಿಲ್ಲ?”

“ಮ್ಯಾನೇಜರ್ ಅಂದ, ನಿನ್ನ ಮಗ ಫ್ಯೂಜ್ ತೆಗೀದೇ ಇಳದಾನ, ತಪ್ಪು ಅವನ್ದೇ, ಅದನ್ನ ಮುಚ್ಚಲಿಕ್ಕೇ ಗಾಡಿ ಅಂತ ಬರೆಸೀನಿ ಅಂದ. ನಾವು ನಂಬಿದಿವಿ. ಅವನೂ ನಂಬ್ಯಾನ. ನಿದ್ದ್ಯಾಗ ಸುದ್ದಾ, ಅಮ್ಮೀ ನಾ ತೆಗೆದಿದ್ದೆ ಇಲ್ಲೋ ಅಂತ ಕೇಳ್ಲತ್ತಾನ.” ಲತೀಫಾ ಫ್ಯೂಜನ್ನು ಅವರ ಕಡೆಗೆ ಸರಿಸಿದಳು. “ಕೈ ಹೋಯ್ತು, ಹೋಯ್ತು. ತಪ್ಪು ಅವನ್ದಲ್ಲ ಅಂತ ಬರ್ದು ಕೊಡ್ರಿ. ಅಷ್ಟೇ ಬೇಕು ನಂಗ.”

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಗುನ್ನೆ ನಂಬರ್ 19/2025, ಭಾರತೀಯ ನ್ಯಾಯ ಸಂಹಿತೆ ಕಲಂ 125(ಬಿ), ನಿರ್ಲಕ್ಷ್ಯದಿಂದ ತೀವ್ರ ಗಾಯ. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬರೆದರು. ಫ್ಯೂಜನ್ನು ಕಾಗದದ ಲಕೋಟೆಗೆ ಹಾಕಿ ಸೀಲು ಮಾಡಲಾಯಿತು.

ಮಧ್ಯಾಹ್ನ 1.40ಕ್ಕೆ ಸಂಗಮೇಶ್ವರ ಮತ್ತು ಶೌಕತ ಅಲಿ ಕಲಬುರಗಿಯ ಆಸ್ಪತ್ರೆಯಲ್ಲಿದ್ದರು. ತೌಸೀಫ್ ಕಿಟಕಿಯ ಪಕ್ಕದ ಮಂಚದ ಮೇಲೆ ಕುಳಿತು ಎಡಗೈಯಲ್ಲಿ ಅನ್ನ ಕಲಸುವುದನ್ನು ಕಲಿಯುತ್ತಿದ್ದ. ಅಗುಳು ಹಾಸಿಗೆಯ ಮೇಲೆಲ್ಲ ಬಿದ್ದಿದ್ದವು. ಪೊಲೀಸರನ್ನು ಕಂಡು ತಟ್ಟೆ ಸರಿಸಿದ.

“ಶುಕ್ರವಾರ ಏನಾಯ್ತು?”

“ಒಂದೂಕಾಲಕ್ಕ ಗುಂಡಿಗಿ ಇಳದಿದ್ದೆ ಸರ್. ಬ್ಲೇಡಿನ ಬುಡಕ್ಕ ರಾಡಿ ಗಟ್ಟಿ ಆಗಿತ್ತು, ಕೈ ಹಾಕಿ ತೆಗೀಲತ್ತಿದ್ದೆ. ಒಮ್ಮಿಗೇ ತಿರಗ್ತು.”

“ಒಂದೂಕಾಲಕ್ಕ? ಜುಮ್ಮಾ ನಮಾಜಿಗೆ ಹೋಗಲಿಲ್ಲೇನು?” ಶೌಕತ ಅಲಿ ಕೇಳಿದ.

ತೌಸೀಫ್ ತಲೆ ತಗ್ಗಿಸಿದ. “ಯಾವತ್ತೂ ತಪ್ಪಿಸಿದವನಲ್ಲ ಭಾಯಿ. ಅವತ್ತೊಂದು ದಿನ. ಅತೀಯಾ, ನಮ್ಮ ಮನೆಯಾಕಿ, ಚಿಂಚೋಳ್ಯಾಗ ತವರುಮನ್ಯಾಗ ಹಡದಾಳ. ಹೆಣ್ಣು. ಹನ್ನೆರಡು ದಿನ ಆಗಿತ್ತು, ನಾ ಇನ್ನೂ ಮಾರಿ ನೋಡಿದ್ದಿಲ್ಲ. ಗುಂಡಿ ಸಾಫ್ ಮಾಡಿದ್ರ ಮೂರು ಗಂಟೆ ಬಸ್ಸಿಗೆ ಹೋಗು ಅಂದಿದ್ದ ಮ್ಯಾನೇಜರ್.”

“ನಮಾಜಿಗೆ ಹೋಗಂಗಿಲ್ಲ ಅಂತ ಯಾರಿಗಿ ಹೇಳಿದ್ದಿ?”

“ಯಾರಿಗೂ ಇಲ್ಲ. ಅದೇನ್ ಹೇಳ್ಕೊಂಡು ತಿರುಗೋ ಮಾತಾ?”

“ಮೊದಲು ಓಡಿ ಬಂದವರು ಯಾರು?”

“ಖಂಡೆಪ್ಪ ಕಾಕಾ. ಗೇಟ್ ಕಾಯ್ತಾನ. ಮೊದಲು ಅದೇ ಮಶೀನ್ ಅವನ್ದೇ ಇತ್ತು, ನಂಗ ಕಲಿಸಿದ್ದೂ ಅವನೇ. ತನ್ನ ರುಮಾಲು ಹರಿದು ಕೈ ಬಿಗಿದು ಕಟ್ಟಿದ. ಇಲ್ಲಂದ್ರ ದಾರ್‍ಯಾಗೇ ಹೋಗ್ತಿದ್ದೆ ಅಂದ್ರು ಡಾಕ್ಟರ್. ಕಾಕಾಗ ನಾ ಆರಾಮ ಇದ್ದೀನಿ ಅಂತ ಹೇಳ್ರಿ ಸರ್. ಭಾಳ ಅತ್ತ.”

ಸಂಗಮೇಶ್ವರ ಲಕೋಟೆಯ ಮೇಲಿನ ಬರಹ ತೋರಿಸಿ, ಫ್ಯೂಜ್ ಅವನ ಕಿಸೆಯಲ್ಲೇ ಸಿಕ್ಕ ವಿಷಯ ಹೇಳಿದರು. ತೌಸೀಫ್ ಆ ಲಕೋಟೆಯನ್ನು ಎಡಗೈಯಿಂದ ಒತ್ತಿ ನೋಡಿದ.

“ಹಂಗಾದ್ರ ತೆಗೆದಿದ್ದೆ,” ಎಂದ. ಸ್ವಲ್ಪ ತಡೆದು, “ಆದ್ರೂ ಮಶೀನ್ ಚಾಲೂ ಆಯ್ತಲ್ಲ ಸರ್. ಬ್ಯಾರೇದು ತೆಗದೆನೋ ಏನೋ,” ಎಂದ. ಅರ್ಧ ನಂಬಿಕೆ ಅವನನ್ನು ಇನ್ನಷ್ಟು ಕಂಗಾಲು ಮಾಡಿದ ಹಾಗಿತ್ತು.

11ನೇ ತಾರೀಖು, ಮಂಗಳವಾರ, ಬೆಳಿಗ್ಗೆ 9.40ಕ್ಕೆ ಸ್ಥಳ ಪಂಚನಾಮೆ. ತಗಡಿನ ಶೆಡ್ಡು. ನಡುವೆ ಕಟಿಂಗ್ ಮಶೀನ್, ಅದರ ಕೆಳಗೆ ಎದೆಮಟ್ಟದ ಗುಂಡಿ. ಸ್ಟಾರ್ಟರ್ ಮತ್ತು ಫ್ಯೂಜಿನ ಪೆಟ್ಟಿಗೆ ಹದಿನೈದು ಅಡಿ ದೂರದ ಕಂಬದ ಮೇಲೆ. ಆ ಕಂಬದ ಹತ್ತಿರ ನಿಂತರೆ ಮಶೀನಿನ ಮೇಜು ಕಾಣುತ್ತದೆ, ಗುಂಡಿ ಕಾಣುವುದಿಲ್ಲ. ಪೆಟ್ಟಿಗೆಯ ನಡುವಿನ ಮನೆಯಲ್ಲಿ ಹೊಸ ಫ್ಯೂಜ್ ಕೂತಿತ್ತು. ಅದನ್ನು ತೆಗೆಸಿ ನೋಡಿದಾಗ ಫ್ಯೂಜ್ ಕೂರುವ ಹಿತ್ತಾಳೆಯ ತುಟಿಗಳ ಮೇಲೆ ಗೀರುಗಳಿದ್ದವು, ಹಳೆಯವು, ಹೊಸವು, ಒಂದರ ಮೇಲೊಂದು. ಮೂಲೆಯಲ್ಲಿ ಸಾಸಿವೆಯಷ್ಟು ತಾಮ್ರ ಕರಗಿ ಅಂಟಿತ್ತು.

“ಫ್ಯೂಜ್ ಇಲ್ಲದಾಗ ಯಾರೋ ತಂತಿ ಸಿಗಿಸ್ಯಾರ,” ಎಂದ ಶೌಕತ ಅಲಿ. “ಒಂದ್ ಸಲ ಅಲ್ಲ.”

ಆನಂದಕುಮಾರ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ನನಗ ಗೊತ್ತಿಲ್ರಿ ಸರ್.”

“ಮೋಟಾರ್ ಸೈಕಲ್ ವಿಷಯ ಗೊತ್ತಿತ್ತಲ್ಲ?”

“ಅದು... ಎಲ್ಲಾ ಕಡೆ ಹಂಗೇ ಬರೆಸ್ತಾರ್ರಿ. ಕಾರ್ಖಾನಿ ಇಲಾಖೆದವ್ರು ಬಂದ್ರ ಶೆಡ್ ಬಂದ್ ಮಾಡ್ತಾರ, ನಲವತ್ತು ಮಂದಿ ಮನೀಗಿ ಹೋಗ್ತಾರ.”

“ಸ್ಟಾರ್ಟರಿಗೆ ಬೀಗ ಇಲ್ಲ. ಬ್ಲೇಡಿಗೆ ಜಾಳಿಗಿ ಇಲ್ಲ. ಬಂದಿದ್ರ ಛಲೋ ಇತ್ತು.”

ಆನಂದಕುಮಾರ ಕರವಸ್ತ್ರ ಮಡಚಿ ಕಿಸೆಗೆ ಹಾಕಿಕೊಂಡ.

ಗೇಟಿನ ಕೋಣೆ ಖಾಲಿಯಿತ್ತು. ಖಂಡೆಪ್ಪ ಶನಿವಾರದಿಂದ ಜ್ವರವೆಂದು ಬಂದಿರಲಿಲ್ಲ. ಕೋಣೆಯ ಹಿಂದೆ, ಬೇವಿನ ಗಿಡದ ಬುಡದಲ್ಲಿ, ಶೌಕತ ಅಲಿಗೆ ಒಂದು ಸಾಲು ಕಲ್ಲುಗಳು ಕಂಡವು. ಒಂದು ಗೇಣು ಅಗಲ, ಒಂದು ಗೇಣು ಉದ್ದ, ನಾಲ್ಕೂ ಮೂಲೆ ಅಳೆದು ಕೊಯ್ದ ಹಾಗೆ. ನಲವತ್ತಮೂರು ಇದ್ದವು. ಅಷ್ಟು ಸಣ್ಣ ಕಲ್ಲನ್ನು ಯಾರೂ ಕೊಳ್ಳುವುದಿಲ್ಲ.

ಲಾರಿಗೆ ಕಲ್ಲು ಹೊರುವ ಇಮಾಮ್ಬೀಯನ್ನು ಕರೆದರು. ಐವತ್ತರ ಹೆಂಗಸು. ಒಂದು ಕಲ್ಲೆತ್ತಿ ಅಂಚಿನ ಮೇಲೆ ಹೆಬ್ಬೆರಳು ಎಳೆದು ನಕ್ಕಳು.

“ಇದು ಖಂಡೆಪ್ಪಣ್ಣ ಕೊಯ್ದದ್ದು.”

“ಹೆಂಗ ಹೇಳ್ತೀರಿ?”

ಅವಳು ಎರಡೂ ಅಂಗೈ ಚಾಚಿದಳು. ಅಡ್ಡಡ್ಡ ಗಾಯದ ಗೆರೆಗಳಲ್ಲಿ ಕೈರೇಖೆ ಕಾಣುತ್ತಿರಲಿಲ್ಲ. “ಈಗಿನ ಪೋರಗೋಳು ಕೊಯ್ದು ಹಂಗೇ ಒಗೀತಾರ್ರಿ ಸಾಹೇಬ್ರ. ಅಂಚು ಕತ್ತಿ ಇದ್ದಂಗ ಇರ್ತದ, ಹೊರೋರ ಕೈ ಕೊಯ್ತದ. ಖಂಡೆಪ್ಪಣ್ಣ ಒಬ್ಬನೇ ಕೊಯ್ದ ಮ್ಯಾಲ ಇನ್ನೊಂದು ಕಲ್ಲಿನಿಂದ ಅಂಚು ಉಜ್ಜಿ ಕೊಡ್ತಿದ್ದ. ನನ್ನ ಕೈ ನೋಡಿ, ಇಮಾಮ್ಬೀ ನಿನ್ನ ನಸೀಬ ಯಾವ ಜ್ಯೋತಿಷಿಗೂ ಓದ್ಲಿಕ್ಕ ಬರಂಗಿಲ್ಲ ಅಂತಿದ್ದ. ನೋಡ್ರಿ, ಇವು ಎಲ್ಲಾ ಉಜ್ಜಿದವೇ.”

“ಹಳೇವು ಇರಬಹುದು.”

“ಹಳೇವು ಹ್ಯಾಂಗಾಗ್ತಾವ? ಇದರ ರಾಡಿ ಇನ್ನೂ ಮಾಸಿಲ್ಲ.” ಹೇಳಿದ ಮೇಲೆ ತಾನೇನು ಹೇಳಿದೆನೆಂದು ಅವಳಿಗೆ ಹೊಳೆಯಿತು. ಕಲ್ಲನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು. “ಅವನು ಎರಡು ವರ್ಷದಿಂದ ಮಶೀನ್ ಮುಟ್ಟಿಲ್ರಿ. ಕಲ್ಲಿನ ಚಿಪ್ಪು ಸಿಡಿದು ಬಲಗಣ್ಣು ಹೋದಾಗಿಂದ ಗೇಟಿನ ಕುರ್ಚಿ ಮ್ಯಾಲ ಕುಂದ್ರಸ್ಯಾರ. ನಾ ಏನೂ ಹೇಳಿಲ್ಲ ನೋಡ್ರಿ.”

ಸಂಗಮೇಶ್ವರ ಒಂದು ಕಲ್ಲನ್ನು ಜಪ್ತಿ ಮಾಡಿದರು. ಜೀಪಿನಲ್ಲಿ ಕೂತ ಮೇಲೆ ಅದರ ಅಂಚಿನ ಮೇಲೆ ತಾವೂ ಒಮ್ಮೆ ಬೆರಳು ಎಳೆದರು.

ಬುಧವಾರ, 12ನೇ ತಾರೀಖು, ಬೆಳಿಗ್ಗೆ 8.15. ಖಂಡೆಪ್ಪನ ಮನೆ ಚಿತ್ತಾಪುರ ದಾರಿಯ ಒಂದು ತಾಂಡಾದ ಆಚೆಗಿನ ಹಳ್ಳಿಯಲ್ಲಿತ್ತು. ಹೆಂಡತಿ ಶಿವಕಾಂತಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

“ಮಲ್ಕೊಂಡಾರ್ರಿ. ನಾಲ್ಕು ದಿನ ಆಯ್ತು, ರೊಟ್ಟಿ ಮುಟ್ಟಿಲ್ಲ.”

“ಶುಕ್ರವಾರ ಮನೀಗಿ ಬಂದಾಗ ಹೆಂಗಿದ್ರು?”

“ಮೈ ತುಂಬಾ ರಕ್ತ. ಆ ಹುಡುಗನ್ದು ಅಂದ್ರು.”

“ಅದರ ಹಿಂದಿನ ಶುಕ್ರವಾರ?”

ಶಿವಕಾಂತಮ್ಮನ ಕೈ ಮೊರದಲ್ಲಿ ನಿಂತಿತು. ಒಳಗಿನ ಕತ್ತಲೆಯ ಕಡೆ ನೋಡಿ ಧ್ವನಿ ಇಳಿಸಿದಳು. “ಹೋದ ವರ್ಷ ಮಳಿಗಾಲದಿಂದ, ಶುಕ್ರವಾರಕ್ಕೊಮ್ಮೆ ಅಂಗಿ ಮ್ಯಾಲ ರಾಡಿ ಇರ್ತಿತ್ತ್ರಿ. ಅವತ್ತು ಎರಡು ರೊಟ್ಟಿ ಹೆಚ್ಚಿಗಿ ತಿಂತಿದ್ರು. ನಂಗ ನಗಸಿ ಚಾಷ್ಟಿನೂ ಮಾಡ್ತಿದ್ರು. ಗೇಟ್ ಕಾಯೋರಿಗಿ ರಾಡಿ ಎಲ್ಲಿಂದ ಅಂತ ನಾ ಕೇಳಲಿಲ್ಲ. ಕೇಳಿದ್ರ ನಿಂತುಬಿಡ್ತದ ಅನ್ನಿಸ್ತು.”

ಖಂಡೆಪ್ಪ ಗೋಡೆಗೆ ಒರಗಿ ಕುಳಿತಿದ್ದ. ವಯಸ್ಸು 54. ತಲೆಗೆ ರುಮಾಲು ಇರಲಿಲ್ಲ. ಬಲಗೈಯ ಎರಡು ಬೆರಳ ತುದಿ ಸುಟ್ಟು ಕಪ್ಪಾಗಿದ್ದವು.

“ಶುಕ್ರವಾರ ಒಂದೂಕಾಲಕ್ಕ ಎಲ್ಲಿದ್ರಿ?”

“ಗೇಟಿನಾಗ.”

“ಬೆರಳು ಯಾಕ ಸುಟ್ಟಾವ?”

“ಒಲಿ.”

“ಬೇವಿನ ಗಿಡದ ಕೆಳಗ ನಲವತ್ತಮೂರು ಕಲ್ಲು ಅದಾವ.”

ಖಂಡೆಪ್ಪ ಸುಟ್ಟ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡ. ಸಂಗಮೇಶ್ವರ ಅವಸರ ಮಾಡಲಿಲ್ಲ. ಹೊರಗೆ ಮೊರದಲ್ಲಿ ಜೋಳ ಎಗರಿ ಬೀಳುವ ಸದ್ದು ಮತ್ತೆ ಶುರುವಾಗಿ ಮತ್ತೆ ನಿಂತಿತು.

“ಖಂಡೆಪ್ಪ, ತೌಸೀಫ್ ತಪ್ಪು ತನ್ನದೇ ಅಂತ ತಿಳ್ಕೊಂಡಾನ. ಬ್ಯಾರೆ ಫ್ಯೂಜ್ ತೆಗದೆನೋ ಏನೋ ಅಂತ ದಿನಾ ಕೇಳ್ಲತ್ತಾನಂತ.”

“ಇಲ್ಲ!” ಖಂಡೆಪ್ಪ ಎದ್ದೇ ನಿಂತ. “ಅವನು ಸರಿಯಾದದ್ದೇ ತೆಗದಾನ. ನಾ ಕಲಿಸಿದ ಹುಡುಗ ಅವ. ಅವನು ತಪ್ಪಂಗಿಲ್ಲ.”

“ಅವನು ಗುಂಡ್ಯಾಗ ಇದ್ದದ್ದು ಗೊತ್ತಿತ್ತೇನು?”

“ಫ್ಯೂಜ್ ಇರಲಿಲ್ರಿ. ಶುಕ್ರವಾರ ಆ ಹೊತ್ತಿಗಿ ಎಂದೂ ಇರಂಗಿಲ್ಲ. ಅವನು ಕಿಸೆಗಿ ಹಾಕ್ಕೊಂಡು ನಮಾಜಿಗಿ ಹೋಗ್ತಾನ, ಉಳಿದವ್ರು ಉಣ್ಲಿಕ್ಕ ಹೋಗ್ತಾರ. ಶೆಡ್ಡಿನಾಗ ಯಾರೂ ಇರಂಗಿಲ್ಲ. ಹೋಗ್ಯಾನ ಅಂತ ತಿಳದೆ. ತಂತಿ ಸಿಗಿಸಿ ಬಟನ್ ಒತ್ತಿದೆ. ಚೀರಿದ್ದು ಕೇಳಿ ಆ ತಂತಿ ಬರಿಗೈಲೇ ಕಿತ್ತೆ. ಗುಂಡ್ಯಾಗ ಇದ್ರೂ ಫ್ಯೂಜ್ ಇರಂಗಿಲ್ಲ. ಅದನ್ನೂ ನಾನೇ ಕಲಿಸಿದ್ದು. ಬಗ್ಗಿ ನೋಡಬೇಕಿತ್ತು. ಮಶೀನ್ ಕಡೆ ಹೋಗೋ ಅವಸರ ನಂಗ.”

“ಯಾಕ ಕೊಯ್ತಿದ್ರಿ, ಆ ಕಲ್ಲು?”

“ಒಂದು ಕಣ್ಣಿನಾಗ ಗೆರಿ ನೆಟ್ಟಗ ಬರ್ತದೋ ಇಲ್ಲೋ ಅಂತ ನೋಡ್ಲಿಕ್ಕ.”

“ಬರ್ತಿತ್ತೇನು?”

“ಬರ್ತಿತ್ತ್ರಿ,” ಎಂದ ಖಂಡೆಪ್ಪ. ಒಂದು ಕ್ಷಣ ಅವನ ಮುಖ ಬೇರೆಯೇ ಆಯಿತು. ಆಮೇಲೆ ಮತ್ತೆ ಗೋಡೆಗೆ ಒರಗಿ ಕುಳಿತ. “ಅವತ್ತೇ ಹೇಳ್ಬೇಕಂತ ಬಾಯಿ ತೆಗೆದಿದ್ದೆ. ಅಷ್ಟರಾಗ ಮ್ಯಾನೇಜರ್ ಗಾಡಿ ಮ್ಯಾಲಿಂದ ಬಿದ್ದಾನ ಅನ್ನೋಣು ಅಂದ. ನಾ ಮುಚ್ಚಿಬಿಟ್ಟೆ.”

ಬೆಳಿಗ್ಗೆ 9.30ಕ್ಕೆ ದಸ್ತಗಿರಿ ಪಂಚನಾಮೆ ಬರೆಯಲಾಯಿತು. ಗೇಟಿನ ಕೋಣೆಯ ಚಹಾ ಪುಡಿ ಡಬ್ಬಿಯಲ್ಲಿ ತಾಮ್ರದ ತಂತಿಯ ಸುರುಳಿ ಸಿಕ್ಕಿತು. ಸುಳ್ಳು ಮಾಹಿತಿ ಬರೆಸಿದ್ದಕ್ಕೆ, ಮಶೀನನ್ನು ಬೀಗವಿಲ್ಲದೆ ನಡೆಸಿದ್ದಕ್ಕೆ ಆನಂದಕುಮಾರ ಎರಡನೇ ಆರೋಪಿಯಾದ. ಕಾರ್ಖಾನೆಗಳ ಇಲಾಖೆಗೆ ಪತ್ರ ಹೋಯಿತು. ಜಾಮೀನು ಸಿಗುವ ಕಲಂ ಎಂದು ತಿಳಿಸಿದಾಗ ಖಂಡೆಪ್ಪ, ಬೇಡ ಎಂಬಂತೆ ತಲೆಯಾಡಿಸಿದ. ಸಂಜೆ ಶಿವಕಾಂತಮ್ಮ ತನ್ನ ತಮ್ಮನನ್ನು ಕರೆತಂದು ಸಹಿ ಹಾಕಿಸಿ, ಗಂಡನನ್ನು ಕೈಹಿಡಿದು ಬಸ್ ನಿಲ್ದಾಣಕ್ಕೆ ನಡೆಸಿಕೊಂಡು ಹೋದಳು.

ಮರುದಿನ ಸಂಗಮೇಶ್ವರ ತನಿಖೆಯ ಟಿಪ್ಪಣಿಯ ಒಂದು ಪ್ರತಿಯನ್ನು ಆಸ್ಪತ್ರೆಗೆ ಒಯ್ದರು. ಅತೀಯಾ ಚಿಂಚೋಳಿಯಿಂದ ಬಂದಿದ್ದಳು. ಕೂಸು ತೌಸೀಫನ ಎಡಗೈಯ ಮೇಲೆ ಮಲಗಿತ್ತು. ಬಟ್ಟೆ ಸುತ್ತಿದ ಬಲಗೈಯನ್ನು ಅವನು ಅದರ ಹತ್ತಿರಕ್ಕೆ ತಂದು, ಮುಟ್ಟದೆ ಹಿಂದೆ ತೆಗೆದುಕೊಳ್ಳುತ್ತಿದ್ದ. ಲತೀಫಾ ಓದಲು ಬಾರದಿದ್ದರೂ ಕಾಗದವನ್ನು ತಾನೇ ಹಿಡಿದುಕೊಂಡಳು. ಶೌಕತ ಅಲಿ ಅದರ ಕೊನೆಯ ಸಾಲನ್ನು ಎರಡು ಸಲ ಓದಿದ: ಗಾಯಾಳುವಿನಿಂದ ಯಾವುದೇ ತಪ್ಪು ನಡೆದಿರುವುದಿಲ್ಲ.

ಬಟನ್ ಒತ್ತಿದ್ದು ಯಾರು, ಯಾಕೆ ಎಂದು ತಿಳಿದ ಮೇಲೆ ತೌಸೀಫ್ ಕೂಸನ್ನು ಅತೀಯಾಳ ಕೈಗೆ ಕೊಟ್ಟ.

“ಕಾಕಾ ಒಂದ್ ಮಾತು ಅಂದಿದ್ರ,” ಎಂದ, “ವಾರಕ್ಕೊಮ್ಮೆ ನಾನೇ ಬಾಜೂಕ ನಿಂತು ನಡಸ್ಲಿಕ್ಕ ಬಿಡ್ತಿದ್ದೆ ಸರ್.”

ಖಂಡೆಪ್ಪ ಅಂದಿರಲಿಲ್ಲ. ಕಣ್ಣು ಹೋದ ಎರಡು ವರ್ಷದಲ್ಲಿ, ಕುರ್ಚಿ ಕೊಟ್ಟವರಿಗಾಗಲಿ, ಕಲಿಸಿದ ಹುಡುಗನಿಗಾಗಲಿ, ಹೆಂಡತಿಗಾಗಲಿ, ತನಗೆ ಆ ಮಶೀನ್ ಬೇಕೆಂದು ಆತ ಒಮ್ಮೆಯೂ ಹೇಳಿರಲಿಲ್ಲ.