ಹತ್ತಕ್ಕೆ ಹೊರಟು ಹತ್ತಕ್ಕೇ

"ರೀ ಮೇಡಂ! ನಾಲ್ಕು ಗಂಟೆ ಪ್ರಯಾಣ ಅಂತ ಟಿಕೆಟ್ ಕೊಟ್ಟು ಹದಿನಾಲ್ಕು ಗಂಟೆ ಕೂರಿಸಿದ್ರಲ್ಲ, ನ್ಯಾಯವಾ ಇದು?"

ಟ್ರಾವೆಲ್ ಆಫೀಸಿನ ಕೌಂಟರಿನ ಮೇಲೆ ವಿಮಾನದ ಹಳೇ ಟಿಕೆಟ್ ಕುಕ್ಕಿ ನಿಂತವನು ಲಿಫ್ಟ್ ರಿಪೇರಿಯವನು. ಟಿಕೆಟ್ ಕೊಟ್ಟಿದ್ದ ಅವಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು.

"ಹತ್ತಕ್ಕೆ ಹೊರಟಿದ್ದು ಇಲ್ಲಿಯ ಗಂಟೆ, ಎರಡಕ್ಕೆ ಇಳಿದಿದ್ದು ಅಲ್ಲಿಯ ಗಂಟೆ. ಅಲ್ಲಿಯ ಗಡಿಯಾರಕ್ಕೆ ಹತ್ತು ಕೂಡಿಸ್ಕೊಳ್ಳಿ ಸ್ವಾಮಿ, ಸರಿಹೋಗುತ್ತೆ."

"ನಾನು ಮೇಲೆ ಕೆಳಗೆ ಓಡಾಡೋನು. ಅಡ್ಡ ಹೋಗಿ ಅಭ್ಯಾಸ ಇಲ್ಲ!"

ಆ ಜಗಳವೇ ಪ್ರೀತಿಯಾಯಿತು. ಆಮೇಲೆ ಕಂಪನಿ ಅವನನ್ನು ಅದೇ ದೂರದೂರಿಗೆ ಎರಡು ವರ್ಷಕ್ಕೆ ಕಳಿಸಿತು. ಹನ್ನೆರಡು ಸಾವಿರ ಕಿಲೋಮೀಟರ್... ಇವಳು ಕೆಲಸಕ್ಕೆ ಹೊರಡುವಾಗ ಅವನಿಗೆ ಮಲಗುವ ಹೊತ್ತು. ಪ್ರೀತಿಯ ಮಾತೆಲ್ಲ ಆಕಳಿಕೆಯ ನಡುವೆಯೇ ಮುಗಿಯುತ್ತಿತ್ತು.

ಬರ್ತೀನಿ ಅಂದವನು ಎರಡು ಸಲ ತಪ್ಪಿಸಿದ. ಅವಳು ದಣಿದಿದ್ದಳು.

"ಈ ಸಲವೂ ಬರದಿದ್ರೆ ನಮ್ಮಿಬ್ಬರದು ಮುಗೀತು," ಅಂದುಬಿಟ್ಟಳು.

ಅವನ ಮೆಸೇಜ್ ಬಂತು: "ಕೆಲಸ ಮುಗೀತು. ಶನಿವಾರ ಹತ್ತಕ್ಕೆ ಹೊರಟು ಹತ್ತಕ್ಕೇ ಇಳೀತೀನಿ."

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವಳು ಏರ್‌ಪೋರ್ಟಿನಲ್ಲಿದ್ದಳು. ಹನ್ನೊಂದಾಯಿತು. ಹನ್ನೆರಡಾಯಿತು. ಅವನ ಫೋನ್ ಆಫ್! ಕಾದೂ ಕಾದೂ ಕಾಲು ಸೋತು, ಒಂದು ಗಂಟೆಗೆ ಬರೆದಳು: "ಸಾಕು. ಇನ್ನು ಬರಬೇಡ." ಕಳಿಸಿ, ತನ್ನ ಫೋನನ್ನೂ ಆಫ್ ಮಾಡಿದಳು.

ಭಾನುವಾರ ಬೆಳಿಗ್ಗೆ ಅಕ್ಕ ಬಟ್ಟೆ ಮಡಿಸುತ್ತಾ ಕೇಳಿದಳು, "ಎಷ್ಟು ಹೊತ್ತಿನ ಪ್ರಯಾಣವೇ ಅದು?"

"ಹದಿನಾಲ್ಕು ಗಂಟೆ."

"ಹತ್ತಕ್ಕೆ ಹೊರಟವನು ಅವತ್ತೇ ಬೆಳಿಗ್ಗೆ ಹತ್ತಕ್ಕೆ ಹೇಗೆ ಇಳೀತಾನೆ?"

ಅವಳು ಬೆರಳು ಮಡಿಸಿ ಎಣಿಸಿದಳು. ಅವನ ಹತ್ತಕ್ಕೆ ಹತ್ತು ಕೂಡಿಸಿದರೆ ಇಲ್ಲಿ ಶನಿವಾರ ರಾತ್ರಿ ಎಂಟು... ಅದಕ್ಕೆ ಹದಿನಾಲ್ಕು... ಅಯ್ಯೋ, ಇವತ್ತು ಹತ್ತಕ್ಕೆ! ತಾನು ಕಾಯುತ್ತಿದ್ದಾಗ ಪಾಪ ಅವನು ಇನ್ನೂ ನಿದ್ದೆಯಲ್ಲಿದ್ದ!

"ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಓಡೇ!" ಅಂದಳು ಅಕ್ಕ.

ಬಸ್ಸಿನಲ್ಲಿ ಅವಳಿಗೆ ಒಂದೇ ಯೋಚನೆ. 'ಎದ್ದ ತಕ್ಷಣ ನನ್ನ ಮೆಸೇಜ್ ಓದಿರ್ತಾನೆ. ಯಾಕೆ ಹತ್ತುತ್ತಾನೆ ವಿಮಾನ?'

ಹತ್ತೂವರೆ. ಬಾಗಿಲಿನಿಂದ ಜನ ಬಂದರು, ಬಂದು ಕರಗಿದರು. ಕೊನೆಗೆ ಕೆದರಿದ ತಲೆ, ಕೆಂಪು ಕಣ್ಣು, ಚಕ್ರ ಮುರಿದ ಪೆಟ್ಟಿಗೆ... ಅವನೇ!

"ನನ್ನ ಮೆಸೇಜ್ ಓದ್ಲಿಲ್ವಾ?" ಅವಳು ಓಡಿಹೋಗಿ ಕೇಳಿದಳು.

"ಓದಿದೆ."

"ಮತ್ತೆ ಯಾಕೆ ಬಂದೆ?"

"ಕಳಿಸಿದ ಗಂಟೆ ನೋಡಿದೆ. ನನ್ನ ಫೋನಲ್ಲಿ ಬೆಳಗಿನ ಜಾವ ಮೂರು. ಹತ್ತು ಕೂಡಿಸಿದೆ. ನಿನಗೆ ಮಧ್ಯಾಹ್ನ ಒಂದು. ಅಂದ್ರೆ ನೀನು ನಿನ್ನೆಯೇ ಬಂದು ಹತ್ತರಿಂದ ಒಂದರವರೆಗೂ ಇಲ್ಲೇ ನಿಂತಿದ್ದೆ." ಅವನು ಪೆಟ್ಟಿಗೆ ಕೆಳಗಿಟ್ಟ. "ಬೇಡ ಅನ್ನೋರು ಮೂರು ಗಂಟೆ ಕಾಯಲ್ಲ ಕಣೇ."

ಅವಳು ಅವನ ಹೆಗಲಿಗೆ ಹಣೆ ಆನಿಸಿ ಅತ್ತಳು.

"ಸುಸ್ತಾಗಿದೆ ಕಣೋ."

"ನನಗೂ. ಮನೆಗೆ ಎಷ್ಟು ಹೊತ್ತು?"

"ಬಸ್ಸಲ್ಲಿ ನಲವತ್ತು ನಿಮಿಷ."

"ನಿನ್ನ ಗಂಟೆಯಲ್ಲೋ, ನನ್ನ ಗಂಟೆಯಲ್ಲೋ?"

ಅವಳು ಅವನ ಕೈಗಡಿಯಾರ ಬಿಚ್ಚಿ, ಮುಳ್ಳನ್ನು ಹತ್ತು ಗಂಟೆ ಮುಂದಕ್ಕೆ ತಿರುಗಿಸಿ, ಮತ್ತೆ ಕಟ್ಟಿದಳು.

"ಇನ್ಮೇಲೆ ಇಬ್ಬರದೂ ಒಂದೇ."