ಕೆಂಪು ಗಾಡಿಯ ಟಪ ಹೊಲಿದವಳು

"ಚಾಕು ಕೆಳಗ ಇಡ್ರಿ! ಅರಿವಿಗೆ ಹಚ್ಚೀರಿ ಅಂದ್ರ ನೋಡ್ರಿ ಮತ್ತ!"

ಬೆಳಗಾವಿ ಪಕ್ಕದ ವಡಗಾವಿಯ ಓಣಿಯಲ್ಲಿ ಮಗ್ಗಗಳ ಸದ್ದನ್ನೂ ಮೀರಿ ಆ ಕೂಗು ಕೇಳಿತು. ಕೆಂಪು ವಿಲಾಯತಿ ಮೋಟಾರುಗಾಡಿಯ ಮೇಲೆ ಮಂಡಿಯೂರಿ ಕೂತಿದ್ದ ನಾಗಲಿಂಗ ಬೆಚ್ಚಿ ತಿರುಗಿ ನೋಡಿದ. ಗಾಡಿಯ ಮಡಚುವ ಟಪ, ಅಂದರೆ ಅರಿವೆಯ ಮೇಲ್ಛಾವಣಿ, ಅರ್ಧ ಎದ್ದು, ಅರ್ಧ ಸಿಕ್ಕಿಕೊಂಡು, ಹರಿದು ಜೋತಾಡುತ್ತಿತ್ತು. ಕೊಯ್ದು ಬಿಡಿಸೋಣವೆಂದು ಅವನು ಚಾಕು ತೆಗೆದಿದ್ದ.

ಎದುರಿಗೆ ಒಬ್ಬ ಹೆಂಗಸು. ಹಣೆಯಲ್ಲಿ ವಿಭೂತಿ ಮಾತ್ರ, ಕೈಯಲ್ಲಿ ಬಳೆಯಿಲ್ಲ. ಕಣ್ಣಲ್ಲಿ ಮಾತ್ರ ಬೆಂಕಿ!

"ಟಪ ಹೊಲಿಯೂ ದುಂಡಪ್ಪನ್ನ ಹುಡುಕಾಕತ್ತೇನ್ರಿ..." ಎಂದ ಅವನು, ಚಾಕು ಹಿಂದೆ ಮುಚ್ಚಿಟ್ಟುಕೊಳ್ಳುತ್ತ.

"ಅಪ್ಪಗ ಕಣ್ಣ ಕಾಣಂಗಿಲ್ಲ, ಎರಡು ವರ್ಷಾತು. ಈಗ ಹೊಲಿಯಾಕಿ ನಾನ. ಗಂಗಾದೇವಿ."

ಅವಳು ಟಪದ ಕೆಳಗೆ ಕೈ ತೂರಿಸಿ, ಏನನ್ನೋ ತಡವಿ, ಒಮ್ಮೆ ಒತ್ತಿದಳು. ಸಿಕ್ಕಿಕೊಂಡಿದ್ದ ಕಬ್ಬಿಣದ ಪಟ್ಟಿ ಕಟಕ್ಕನೆ ಬಿಟ್ಟಿತು. ನಾಗಲಿಂಗ ಬಾಯಿ ತೆರೆದುಕೊಂಡು ನಿಂತ.

1979ರ ಏಪ್ರಿಲ್ ಅದು. ನಾಗಲಿಂಗ ಖಾನಾಪುರದವನು, ಮೋಟಾರು ರಿಪೇರಿಯಲ್ಲಿ ಹೆಸರು ಮಾಡಿದವನು. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳಕೊಂಡ ಅವನನ್ನು ಬೆಳೆಸಿದ್ದು ತಂದೆಯ ಗೆಳೆಯ, ಕಟ್ಟಿಗೆ ವ್ಯಾಪಾರದ ನಾರ್ವೇಕರ ಮಾಮಾ. ಮಾಮಾ ಮರಾಠಿಯವರು, ಅವರೊಂದಿಗೆ ನಾಗಲಿಂಗನ ಮಾತೆಲ್ಲ ಮರಾಠಿಯಲ್ಲೇ. ಇತ್ತೀಚೆಗೆ ಮಾಮಾನಿಗೆ ಒಂದು ಹುಚ್ಚು ಹಿಡಿದಿತ್ತು. ಮದುವೆಯ ಮೆರವಣಿಗೆಗೆ, ವರಾತಕ್ಕೆ, ಟಪ ಮಡಚುವ ವಿಲಾಯತಿ ಗಾಡಿ ಬಾಡಿಗೆ ಬಿಡಬೇಕು! ಹಳೆಯ ಸಂಸ್ಥಾನಿಕರ ಮನೆಯವರೊಬ್ಬರು ಈ ಗಾಡಿಯನ್ನು ಮಾರಲಿಕ್ಕೆ ಇಟ್ಟಿದ್ದರು. ಟಪ ಹೊಲಿಸುವ ಖರ್ಚು ಅವರದೇ. "ಹದಿನೈದು ದಿವಸ ನೋಡು, ಬೇಕೋ ಬೇಡವೋ ನೀನೇ ಹೇಳು" ಎಂದು ಮಾಮಾ ಅವನ ಕೈಗೆ ಕೀಲಿ ಕೊಟ್ಟಿದ್ದರು.

ಹೀಗೆ ಗಾಡಿ ಗಂಗಾಳ ಮನೆಯ ಮುಂದಿನ ತಗಡಿನ ಶೆಡ್ಡಿಗೆ ಬಂತು. ಮುಂದೆ ಅವನು ಎಂಜಿನ್ ಬಿಚ್ಚಿದ, ಹಿಂದೆ ಅವಳು ಟಪ ಬಿಚ್ಚಿದಳು. ಹೊರಸಿನ ಮೇಲೆ ಕೂತ ದುಂಡಪ್ಪ ಬೆರಳಿನಿಂದ ಮಗಳ ಹೊಲಿಗೆ ತಡವಿ ನೋಡಿ ತಲೆಯಾಡಿಸುತ್ತಿದ್ದ.

"ಎಂಟು ಸಿಲಿಂಡರ್ ಅದಾವ್ರಿ. ಕಾಲು ಒತ್ತಿದ್ರ ಹಾರತೈತಿ!"

"ಕುಡಿಯೂದೆಷ್ಟು?"

"ಲೀಟರಿಗೆ ನಾಕು ಕಿಲೋಮೀಟರ್..."

"ಎವ್ವಾ! ಬೀಗರಕಿಂತ ಗಾಡೀನ ಹೆಚ್ಚು ಉಣ್ಣತೈತಲ್ರಿ!"

ನಾಗಲಿಂಗ ನಕ್ಕುಬಿಟ್ಟ. ಅವಳೂ ನಕ್ಕಳು. ಗಂಡ ತೀರಿಕೊಂಡ ನಾಲ್ಕು ವರ್ಷದಲ್ಲಿ ಅವಳು ನಕ್ಕದ್ದು ಅದೇ ಮೊದಲು. ದುಂಡಪ್ಪ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ.

ದಿನ ಕಳೆದಂತೆ ಸಲಿಗೆ ಬೆಳೆಯಿತು, ಗಾಡಿಯ ರೋಗಗಳೂ ಬೆಳೆದವು. ಟಪ ಎತ್ತುವ ಪಂಪಿನಿಂದ ಎಣ್ಣೆ ಸೋರುತ್ತಿತ್ತು. ಹೊಳೆಯುವ ಬಣ್ಣದ ಕೆಳಗೆ ಕಬ್ಬಿಣವನ್ನು ತುಕ್ಕು ತಿಂದುಹಾಕಿತ್ತು. ಬ್ರೇಕಿನ ಸಾಮಾನು ಬೆಳಗಾವಿಯಲ್ಲಿರಲಿ, ಮುಂಬಯಿಯಲ್ಲಿ ಸಿಗುವುದೂ ಖಾತ್ರಿ ಇರಲಿಲ್ಲ.

"ಇದರ ಒಂದು ವರ್ಷದ ರಿಪೇರಿ ಖರ್ಚಿನಾಗ ಒಂದು ಹಳೇ ಜೀಪ ಬರತೈತಿ," ಎನ್ನುತ್ತಿದ್ದ ನಾಗಲಿಂಗ. "ಜೀಪಿಗೆ ಹೂವು ಕಟ್ಟಿದ್ರ ಮದುಮಕ್ಕಳು ಕುಂದರಂಗಿಲ್ಲೇನು?" ಹಾಗೆನ್ನುತ್ತಲೇ ಕೆಂಪು ಬಾಗಿಲನ್ನು ಪ್ರೀತಿಯಿಂದ ಸವರುತ್ತಿದ್ದ. ಆ ಕೈ ನೋಡುತ್ತ ಗಂಗಾ ಎಷ್ಟೋ ಸಲ ದಬ್ಬಣ ಚುಚ್ಚಿಕೊಂಡಳು.

ಹದಿನಾಲ್ಕನೆಯ ದಿನ ಅವನು ಕೈಯ ಎಣ್ಣೆ ಒರೆಸಿಕೊಂಡು ಅವಳ ಮುಂದೆ ಬಂದು ನಿಂತ.

"ನಾಳೆ ಮಾಮಾ ಬರತಾರ, ಗಂಗಾ. ಅವರ ಹತ್ರ ಎರಡು ಮಾತು ಆಡೂದೈತಿ. ಒಂದು ಗಾಡೀದು. ಇನ್ನೊಂದು... ನಿಮ್ಮದು. ಉಡಿಕಿ ಮಾಡಿಕೊಳ್ಳಾಕ ನೀವು ಒಪ್ಪತೀರೇನು?"

ಉಡಿಕಿ! ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೆ ಮನೆ ತುಂಬಿಸಿಕೊಳ್ಳುವ ಪದ್ಧತಿ. ಆ ಶಬ್ದ ತನ್ನ ಬಾಳಿನಲ್ಲಿ ಬಂದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಎದೆ ಹಿಗ್ಗಿತು... ಹಿಂದೆಯೇ ಹೆದರಿತು.

"ಮೊದಲ ನನ್ನ ಮಾತು ಕೇಳ್ರಿ," ಎಂದಳು ತಲೆ ತಗ್ಗಿಸಿ. "ಗಂಡ ಸತ್ತ ವರ್ಷ ನನ್ನ ಕೂಸೂ ಹೊಟ್ಟಿಯೊಳಗ ಸತ್ತಿತು. ದವಾಖಾನ್ಯಾಗ ಗರ್ಭಚೀಲಾನ ತಗದ್ರು. ನನ್ನ ಒಳಗ ಏನೂ ಉಳಿದಿಲ್ಲ, ನಾಗಲಿಂಗ ಅವರ. ನನ್ನ ತಗೊಂಡು ನಿಮಗೇನು ಸಿಗತೈತಿ?"

ಅವನು ಅವಳ ಕೈಯಿಂದ ಜಾರಿದ್ದ ದಬ್ಬಣ ಎತ್ತಿಕೊಟ್ಟ. "ನಾಳೆ ಮಾಮಾಗ ಕೇಳತೇನಿ" ಎಂದಷ್ಟೇ ಹೇಳಿ ಹೋದ. ಅಷ್ಟೇ ಮಾತಿಗೆ ಏನು ಅರ್ಥವೋ ಎಂದು ಗಂಗಾ ಇಡೀ ದಿನ ಒದ್ದಾಡಿದಳು.

ಮರುದಿನ ಹತ್ತು ಗಂಟೆಗೆ ಮಾಮಾ ಬಂದರು. ದುಂಡಪ್ಪ ಜ್ವರದಿಂದ ಒಳಗೆ ಮಲಗಿದ್ದ. ಗಂಗಾ ಚಹಾ ತಗೊಂಡು ಹೊರಗೆ ಬರುತ್ತಿದ್ದಳು. ಬಾಗಿಲ ಪರದೆಯ ಹಿಂದೆ ಅವಳ ಕಾಲು ನಿಂತವು. ನಾಗಲಿಂಗ ಮರಾಠಿಯಲ್ಲಿ ಹೇಳುತ್ತಿದ್ದ...

"ತೀ ವರೂನ ಛಾನ ದಿಸತೇ, ಮಾಮಾ. ಪಣ ಆತ ಕಾಹೀ ಉರಲಂ ನಾಹೀ. ತಿಲಾ ಸಾಂಭಾಳಣಂ ಪರವಡಣಾರ ನಾಹೀ. ನಕೋ."

ವಡಗಾವಿಯಲ್ಲಿ ಹುಟ್ಟಿದವಳಿಗೆ ಅಷ್ಟು ಮರಾಠಿ ಬರುವುದಿಲ್ಲವೇ? ಒಂದೊಂದು ಮಾತೂ ಕನ್ನಡವಾಗಿಯೇ ಅವಳ ಎದೆಗೆ ಇಳಿಯಿತು. ಅವಳು ಮೇಲಿನಿಂದ ಚೆಂದ ಕಾಣ್ತಾಳೆ, ಮಾಮಾ. ಆದರೆ ಒಳಗೆ ಏನೂ ಉಳಿದಿಲ್ಲ. ಅವಳನ್ನು ಸಂಭಾಳಿಸೋದು ನಮಗೆ ಪರವಡೋದಿಲ್ಲ, ಕೈಗೆಟುಕೋದಿಲ್ಲ. ಬೇಡ.

ಒಳಗೆ ಏನೂ ಉಳಿದಿಲ್ಲ... ನಿನ್ನೆ ಅವನೊಬ್ಬನಿಗೇ ಬಿಚ್ಚಿಟ್ಟ ಮಾತು! ಇಂದು ಬೀದಿಯಲ್ಲಿ ನಿಂತು ಬೆಲೆ ಕಟ್ಟುತ್ತಿದ್ದಾನೆ! ಚಹಾದ ತಾಟು ಅಲ್ಲೇ ನೆಲಕ್ಕಿಟ್ಟಳು. ಗಂಗಾ ಸದ್ದಿಲ್ಲದೆ ಒಳಗೆ ಹೋಗಿ ಬಾಗಿಲ ಚಿಲಕ ಹಾಕಿದಳು.

ಅರ್ಧ ಗಂಟೆಯಾದ ಮೇಲೆ ನಾಗಲಿಂಗ ಓಡಿಬಂದು ಬಾಗಿಲು ಬಡಿದ. "ಗಂಗಾ! ಬಾಗಿಲಾ ತಗೀರಿ! ಒಂದು ಸುದ್ದಿ ಹೇಳೂದೈತಿ!"

"ಸುದ್ದಿ ತಿಳೀತು. ಟಪ ಮುಗದೈತಿ, ಗಾಡಿ ತಗೊಂಡು ಹೋಗ್ರಿ. ಇನ್ನ ಈ ಓಣಿಗೆ ಕಾಲಿಡಬ್ಯಾಡ್ರಿ."

"ಯಾಕ? ನಾ ಏನು ಮಾಡೇನಿ?"

"ನನಗ ನೀವು ಬ್ಯಾಡ! ತಿಳೀಲಿಲ್ಲೇನು? ನಕೋ!"

 ಆಮೇಲೆ ಎಂಟು ಸಿಲಿಂಡರಿನ ಗಾಡಿ ಓಣಿಯಿಂದ ಹೊರಟುಹೋದ ಸದ್ದು ಕೇಳಿತು. ಗಂಗಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಏಪ್ರಿಲ್ ಹೋಯಿತು, ಮೇ ಹೋಯಿತು. ಅವಳು ಹೊಲಿದಳು, ಉಂಡಳು, ಮಲಗಿದಳು. ನಗು ಮಾತ್ರ ಮತ್ತೆ ಬರಲಿಲ್ಲ. ಜೂನ್ ಮೊದಲ ವಾರ ಒಂದು ಮಧ್ಯಾಹ್ನ ನಾರ್ವೇಕರ ಮಾಮಾ ಒಬ್ಬರೇ ಬಂದರು. ಒಂದೂವರೆ ತಿಂಗಳಲ್ಲಿ ಹತ್ತು ವರ್ಷ ಮುದುಕರಾದಂತಿದ್ದರು. ದುಂಡಪ್ಪನ ಪಕ್ಕ ಕುಸಿದು ಕೂತರು.

"ಗಾಡಿ ಹೋತು, ಪೋರಿ. ಗುಂಜಿ ಹತ್ರ ಇಳಿಜಾರಿನಾಗ ಬ್ರೇಕ ಹತ್ತಲಿಲ್ಲ. ನಾಗಲಿಂಗ ವರಾತ ಮುಗಿಸಿ ಒಬ್ಬನ ಬರಾಕತ್ತಿದ್ದ. ಎದುರಿಗೆ ಎತ್ತಿನ ಗಾಡಿ ಬಂತು, ಅದನ್ನ ತಪ್ಪಿಸಾಕ ಹೋಗಿ ಮರಕ್ಕ ಹೊಡದಾನ. ಜೀವ ಉಳೀತು. ಬಲಗಾಲ... ಮೊಣಕಾಲ ತನಕ ತಗದ್ರು."

ಗಂಗಾ ಹೊಲಿಗೆ ಬಿಟ್ಟು ಎದ್ದು ಬಂದು ಮಾಮಾನ ಎದುರಿಗೆ ಕೂತಳು. 

"ನನ್ನ ತಪ್ಪು!" ಮಾಮಾ ಹಣೆ ಹಣೆ ಬಡಿದುಕೊಂಡರು. "ನೀ ಹೊಲಿದ ಹೊಸಾ ಟಪ ಬಿಸಲಾಗ ಮಡಚಿ ಇಳದದ್ದು ನೋಡಿ ಮರುಳಾದೆ. ಅವ ಹೇಳಿದ್ದ, ಇದ ನಿನ್ನ ಬಾಗಿಲ ಮುಂದ ನಿಂತು ಹೇಳಿದ್ದ. ತೀ ವರೂನ ಛಾನ ದಿಸತೇ, ಪಣ ಆತ ಕಾಹೀ ಉರಲಂ ನಾಹೀ, ನಕೋ ಅಂತ! ನಾನ ಕೇಳಲಿಲ್ಲ..."

ಅದೇ ಮಾತು! ಅಕ್ಷರ ಅಕ್ಷರ ಅದೇ ಮಾತು!

"ಮಾಮಾ..." ಎಂದಳು ಗಂಗಾ. "ತೀ ಅಂದ್ರ... ಯಾರು?"

"ಯಾರೇನ ಪೋರಿ? ಗಾಡಿ!"

ಕನ್ನಡದಲ್ಲಿ ಗಾಡಿ ‘ಅದು’. ಮರಾಠಿಯಲ್ಲಿ ಗಾಡಿ ಹೆಣ್ಣು, ‘ತೀ’. ವಡಗಾವಿಯ ಕೂಸಿಗೂ ಗೊತ್ತಿರುವ ಸಂಗತಿ, ಗಂಗಾಗೂ ಗೊತ್ತಿತ್ತು. ಆದರೆ ನೊಂದ ಜೀವಕ್ಕೆ ಆ ಹೊತ್ತಿಗೆ ವ್ಯಾಕರಣ ಎಲ್ಲಿ ನೆನಪಿಗೆ ಬರಬೇಕು? ಕಬ್ಬಿಣಕ್ಕೆ ಅಂದ ಮಾತನ್ನು ಅವಳು ತನ್ನ ಗರ್ಭಕ್ಕೆ ಹಚ್ಚಿಕೊಂಡಿದ್ದಳು!

"ಗಾಡಿ ಮಾತು ಮುಗಿದ ಮ್ಯಾಲೆ ನಿನ್ನ ಮಾತು ತಗದ," ಎಂದರು ಮಾಮಾ ಕಣ್ಣೊರೆಸಿಕೊಳ್ಳುತ್ತ. "ಮಕ್ಕಳಾಗೂದಿಲ್ಲ ಅನ್ನೂದನ್ನೂ ಮುಚ್ಚಲಿಲ್ಲ. ‘ನನ್ನ ನೀವು ಹಡದಿಲ್ಲ ಮಾಮಾ, ಆದ್ರೂ ಬೆಳಿಸೀರಿ’ ಅಂದ. ನಾ ಹೂಂ ಅಂದೆ. ಕುಣಕೋತ ನಿನ್ನ ಬಾಗಿಲಿಗೆ ಬಂದಾವ, ಸತ್ತವನಂಗ ತಿರುಗಿ ಬಂದ. ಗಾಡಿ ತಗೋತೇನಿ ಅಂದ್ರ ‘ನಿಮ್ಮ ಮರ್ಜಿ’ ಅಂದ. ಮೊದಲಿನ ನಾಗಲಿಂಗ ಆಗಿದ್ರ ಕೀಲಿ ಕಸಗೊಂಡು ಜಗಳಾಡತಿದ್ದ."

ಅವರು ಚೀಲದಿಂದ ಒಂದು ಗಂಟು ತೆಗೆದು ಅವಳ ಮುಂದಿಟ್ಟರು. "ಮುರಿದ ಗಾಡಿಯ ಡಿಕ್ಕಿಯೊಳಗ ಸಿಕ್ಕಿತು." ಒಳಗೆ ಹಸಿರು ಸೀರೆ. ಅದೇ ಓಣಿಯ ಮಗ್ಗದ್ದು. ಅಂಚು ನೋಡಿದ ಕೂಡಲೆ ಗಂಗಾ ಗುರುತು ಹಿಡಿದಳು.

ಅಂದೇ ಅವಳು ಮಾಮಾನ ಜೊತೆ ಖಾನಾಪುರದ ಬಸ್ಸು ಹತ್ತಿದಳು.

ನಾಗಲಿಂಗ ಕಿಡಕಿಯ ಪಕ್ಕದ ಕಾಟಿನ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಚಾದರ ಎಳೆದು ಕಾಲು ಮುಚ್ಚಿಕೊಂಡ.

"ಯಾಕ ಬಂದ್ರಿ?"

"ನೀವು ‘ತೀ’ ಅಂದ್ರಿ. ಪರದೆ ಹಿಂದ ನಿಂತು ಕೇಳಿದೆ. ನನಗ ಅಂದ್ರಿ ಅಂತ ತಿಳಕೊಂಡೆ..." ಅವಳಿಗೆ ಅಳು ತಡೆಯಲಾಗಲಿಲ್ಲ. "ಅವತ್ತ ಬಾಗಿಲಾ ತಗದಿದ್ರ ನಿಮ್ಮ ಕಾಲು ಉಳೀತಿತ್ತು!"

ಅವನು ದಿಗ್ಭ್ರಮೆಯಿಂದ ನೋಡಿದ. ತುಟಿ ನಗಲಿಕ್ಕೆ ಹೋಗಿ ಅದುರಿತು. ಗೋಡೆಯ ಕಡೆ ಮುಖ ಮಾಡಿದ.

"ಕಾಲು ಹೋದದ್ದು ಬ್ರೇಕಿನಿಂದ, ನಿಮ್ಮಿಂದಲ್ಲ. ಈಗ ಹೋಗ್ರಿ, ಗಂಗಾ. ನಾ ಈಗ ಮುರಕಾ ಮಾಲು. ಖರ್ಚು ಬಾಳ, ನಿಮಗ ಪರವಡಂಗಿಲ್ಲ."

ಗಂಗಾ ಕಣ್ಣೊರೆಸಿಕೊಂಡು ಸ್ಟೂಲು ಎಳೆದು ಎದುರಿಗೆ ಕೂತಳು. "ಏನೇನು ಖರ್ಚೈತಿ, ಒಂದೊಂದ ಹೇಳ್ರಿ. ನೋಡಿ ತಗೋತೇನಿ."

"ಒಂದು ಕಾಲಿಲ್ಲ."

"ಮಷೀನ ತುಳಿಯಾಕ ನನ್ನವು ಎರಡ ಅದಾವ. ಮುಂದ?"

"ಇಲ್ಲದ ಕಾಲು ನೋಯತೈತಿ. ಚೀರತೇನಿ."

"ನಮ್ಮ ಓಣ್ಯಾಗ ಮಗ್ಗದ ಸದ್ದೈತಿ, ಮಂದಿಗೆ ಕೇಳಂಗಿಲ್ಲ. ನನಗ ಕೇಳತೈತಿ. ಮುಂದ?"

"ಸಿಟ್ಟು ಬರತೈತಿ... ಸಾಯಬೇಕು ಅನಸತೈತಿ."

"ನಾಕು ವರ್ಷ ನನಗೂ ಅನಸಿತ್ತು," ಎಂದಳು ಗಂಗಾ ಮೆಲ್ಲಗೆ. "ನೀವು ಬಂದು ನಗಿಸಿದ್ರಿ. ಮುಂದ?"

ನಾಗಲಿಂಗ ಅವಳ ಕಡೆ ಮುಖ ತಿರುಗಿಸಿದ. ಅವಳು ಹಸಿರು ಸೀರೆಯ ಗಂಟನ್ನು ಅವನ ತೊಡೆಯ ಮೇಲಿಟ್ಟಳು. "ಇದನ್ನ ನಾನ ತಗೊಂಡ್ರ ಉಡಿಕಿ ಆಗಂಗಿಲ್ಲ. ನೀವ ಕೊಡಬೇಕು."

ನಾಗಲಿಂಗ ಗಂಟು ಬಿಚ್ಚಿದ. ಸೀರೆ ಎತ್ತಿ ಅವಳ ಉಡಿಗೆ ಹಾಕುವಾಗ ಕಣ್ಣೀರು ಗಡ್ಡದೊಳಗೆ ಇಳಿಯಿತು. ಬಾಗಿಲಲ್ಲಿ ನಿಂತಿದ್ದ ಮಾಮಾ ಟೊಪ್ಪಿಗೆ ತೆಗೆದು ಮುಖ ಮುಚ್ಚಿಕೊಂಡರು.

"ಒಂದು ಮಾತು," ಎಂದಳು ಗಂಗಾ ಅಳುತ್ತಲೇ. "ಇನ್ನ ಮ್ಯಾಲೆ ನನ್ನ ಸುದ್ದಿ ಎತ್ತೂದಿದ್ರ ಕನ್ನಡದಾಗ ಎತ್ತಬೇಕು."

"ಹಂಗಾರ ಈಗ ಹೇಳತೇನಿ. ಮಾಮಾ, ನೀವೂ ಕೇಳ್ರಿ. ಅದು ಬ್ಯಾಡ. ಆಕಿ ಬೇಕು."

"ಆಕಿ ಅಂದ್ರ... ಯಾರು?"

"ನೀ."