ಮೂರನೇ ಅಧ್ಯಾಯದಲ್ಲೊಂದು ಮುತ್ತು

"ಏನ್ರೀ ಇದು?! ನನ್ನ ಮಹಾಪ್ರಬಂಧದಲ್ಲಿ ಯಾರೋ ಮುತ್ತು ಕೊಡ್ತಿದ್ದಾರೆ!"

ಪುಸ್ತಕಕ್ಕೆ ರಟ್ಟು ಕಟ್ಟುವ ಆ ಪುಟ್ಟ ಅಂಗಡಿಯ ಬಾಗಿಲಲ್ಲಿ ಅವನು ನಿಂತಿದ್ದ. ಕೆದರಿದ ಕೂದಲು, ಮೂಗಿನ ತುದಿಗೆ ಜಾರಿದ ಕನ್ನಡಕ, ಎದೆಗೆ ಅವುಚಿಕೊಂಡ ದಪ್ಪ ಪುಸ್ತಕ.

ಒಳಗೆ ರಟ್ಟಿಗೆ ಗೋಂದು ಬಳಿಯುತ್ತಿದ್ದ ಅವಳು ಕುಂಚ ಕೆಳಗಿಟ್ಟಳು. "ಯಾರು, ಯಾರಿಗೆ?"

"ನೀವೇ ಕೇಳಿ! ಎರಡನೇ ಅಧ್ಯಾಯ ಮುಗೀತು. ಮೂರನೆಯದರಲ್ಲಿ ಹೆಂಗಸರ ಮನೆಗೆಲಸದ ಬಗ್ಗೆ ಇರಬೇಕು. ಆದರೆ ಇಲ್ಲಿ... 'ಅವನ ಉಸಿರು ಅವಳ ಮುಂಗುರುಳನ್ನು ಅಲುಗಿಸಿತು...' ನಾಳಿದ್ದು ಇದನ್ನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು ರೀ!"

ಮೂಲೆಯಲ್ಲಿ ಹೊಲಿಗೆ ಹಾಕುತ್ತಿದ್ದ ಅವಳ ಸೋದರತ್ತೆ, ಅಂದರೆ ಅಂಗಡಿಯ ಒಡತಿ, ಸೂಜಿ ಬಿಟ್ಟು ಬಿದ್ದು ಬಿದ್ದು ನಕ್ಕಳು.

ಅವಳಿಗೆ ಮಾತ್ರ ನಗು ಬರಲಿಲ್ಲ. ಕಿವಿ ಕೆಂಪಾಯಿತು. ಆ ಸಾಲು ಅವಳದೇ! ಅಂಗಡಿ ಬಾಗಿಲು ಹಾಕಿದ ಮೇಲೆ ಕದ್ದು ಕದ್ದು ಬರೆದ ಕಾದಂಬರಿ; ಕೊನೆ ಹೊಳೆಯದಿದ್ದರೂ ಬರೆದಷ್ಟನ್ನು ಅಚ್ಚು ಹಾಕಿಸಿದ್ದಳು. ಗಿರಾಕಿಯೊಬ್ಬರದು ಎಂದು ಅತ್ತೆಗೆ ಸುಳ್ಳು ಹೇಳಿ ಹೊಲಿಗೆಗೆ ಇಟ್ಟಿದ್ದಳು.

"ಯಾರೋ ಕೆಲಸವಿಲ್ಲದವರು ಬರೆದಿರಬೇಕು," ಎಂದ ಅವನು.

ಕೆಲಸವಿಲ್ಲದವರು! ಬೆಳಗಿನಿಂದ ರಟ್ಟು ಕತ್ತರಿಸಿ, ದಾರ ಎಳೆದು ಬೆರಳು ಸೀಳಿಕೊಂಡವಳಿಗೆ ಆ ಮಾತು ಚುರುಕ್ಕೆಂದಿತು.

"ಅತ್ತೆ," ಅವಳು ಹಲ್ಲು ಕಚ್ಚಿ ತಿರುಗಿದಳು, "ಮೂರು ಪುಸ್ತಕದ ಹಾಳೆಕಟ್ಟುಗಳ ಮೇಲೆ ಗುರುತಿಗೆ ಅಂತ ಒಂದೊಂದು ಬಣ್ಣದ ದಾರ ಇಟ್ಟಿದ್ದೆನಲ್ಲ, ಎಲ್ಲಿ?"

"ಅದಾ? ಸಿಟ್ಟು ಯಾಕೆ, ನನ್ನ ಮೆಣಸಿನಕಾಯಿ? ಒಳ್ಳೆ ಗಟ್ಟಿ ದಾರ ಕಣೇ. ಹೊಲಿಯೋಕೆ ತಗೊಂಡೆ."

ಸರಿಹೋಯಿತು! ಒಂದೇ ಅಳತೆಯ ಹಾಳೆ, ಒಂದೇ ಅಚ್ಚು. ಕಾದಂಬರಿಯ ಒಂದು ಕಟ್ಟು ಪ್ರಬಂಧದೊಳಗೆ ನುಗ್ಗಿತ್ತು. ಮೂರನೆಯ ಪುಸ್ತಕ ಒಂದು ದೊಡ್ಡ ಮನೆತನದ ಚರಿತ್ರೆ. ಕಪಾಟಿನಲ್ಲಿದ್ದ ಕಾದಂಬರಿ ತೆರೆದು ನೋಡಿದರೆ, ಆ ಚರಿತ್ರೆಯ ಒಂದು ಕಟ್ಟು ಅದಕ್ಕೆ ಸೇರಿ, ನಾಯಕ ಬರಬೇಕಾದ ಕಡೆ ಯಾರದೋ ಮುತ್ತಾತ ಕುದುರೆ ಏರಿ ಬಂದಿದ್ದ.

ಹಾಗಾದರೆ ಪ್ರಬಂಧದ ಮೂರನೇ ಅಧ್ಯಾಯ? ನಿನ್ನೆಯೇ ಆ ಮನೆತನದವರ ಕೈ ಸೇರಿತ್ತು!

"ಬನ್ನಿ, ಅಡಿಟಿಪ್ಪಣಿಯವರೇ," ಅವಳು ಚಾಕು ಚೀಲಕ್ಕೆ ಹಾಕಿಕೊಂಡಳು. "ಬಿಚ್ಚಿ ತಂದುಕೊಡ್ತೀನಿ."

"ಅಡಿಟಿಪ್ಪಣಿಯಾ?!"

"ಪುಟಕ್ಕೆ ಅರ್ಧ ಅದೇ ತುಂಬಿಸಿದೀರಲ್ಲ. ಹೊಲಿದವಳಿಗೆ ಗೊತ್ತಿಲ್ವಾ?"

ದಾರಿಯುದ್ದಕ್ಕೂ ಅವನು ಮಾತಾಡಿಸಲು ನೋಡಿದ. ಅವಳು ಹ್ಞೂಂ, ಉಹೂಂ ಬಿಟ್ಟು ತುಟಿ ಬಿಚ್ಚಲಿಲ್ಲ.

*

ಆ ಮನೆಯ ಹಿರಿಯಜ್ಜಿ ಕಿಟಕಿಯ ಪಕ್ಕ ಭೂತಗನ್ನಡಿ ಹಿಡಿದು ಕೂತಿದ್ದರು. ತೊಡೆಯ ಮೇಲೆ ಅದೇ ಪುಸ್ತಕ.

"ಅಜ್ಜಿ, ನಮ್ಮಿಂದ ತಪ್ಪಾಗಿದೆ. ನಡುವೆ ಬೇರೆಯವರ ಪುಟ ಸೇರಿಬಿಟ್ಟಿದೆ..." ಅವಳು ಚೀಲದಿಂದ ಚಾಕು ತೆಗೆದಳು.

"ಬೇರೆಯವರದಾ?" ಅಜ್ಜಿ ತಲೆ ಎತ್ತಿದರು. "ನನ್ನ ಮೈದುನ ಬರೆದದ್ದು ನೋಡು. ಇವನ ಮಗ ಅವನು, ಅವನ ಮಗ ಇನ್ನೊಬ್ಬ. ಗಂಡಸರೇ ಗಂಡಸರನ್ನ ಹೆತ್ತ ಹಾಗಿದೆ! ಈ ಮನೆಗೆ ಬಂದು ಮುದುಕಿಯಾದೆ, ನನ್ನ ಹೆಸರೇ ಇಲ್ಲ. ನಡುವೆ ಇದೊಂದು ಬಂತು. ನೀರು ತಂದದ್ದು, ಒಗೆದದ್ದು, ಕಾಯಿಲೆ ಬಿದ್ದವರ ಪಕ್ಕ ಕೂತದ್ದು... ಅದೂ ದುಡಿಮೆ, ಅದಿಲ್ಲದೆ ಮನೆತನವೇ ಇಲ್ಲ ಅಂತ ಬರೆದಿದೆ. ಇದು ನಾನೇ ಕಣೇ!"

ಅವನು ಬೆಪ್ಪಾಗಿ ನಿಂತ. "ಅದು... ನಾನು ಬರೆದದ್ದು, ಅಜ್ಜಿ."

"ಚೆನ್ನಾಗಿ ಬರೆದಿದ್ದೀಯಪ್ಪ. ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣಕ್ಷರ ಯಾಕೆ ಬರೆದೆಯೋ ಗೊತ್ತಾಗಲಿಲ್ಲ." ಅಜ್ಜಿ ಪುಸ್ತಕವನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಚಾಕು ಒಳಗಿಡು ಹುಡುಗಿ. ಒಂದು ಹಾಳೆಯನ್ನೂ ಬಿಚ್ಚೋಕೆ ಬಿಡಲ್ಲ. ಮೈದುನ ಬೇಕಾದರೆ ಗೋಳಾಡಲಿ!"

ಅವನು ಜಗಳವಾಡಲಿಲ್ಲ. ಬಗ್ಗಿ ಅಜ್ಜಿಯ ಕೈ ಹಿಡಿದುಕೊಂಡ. "ಇಟ್ಕೊಳ್ಳಿ ಅಜ್ಜಿ. ನಾನು ಇನ್ನೊಂದು ಪ್ರತಿ ಅಚ್ಚು ಹಾಕಿಸ್ತೀನಿ." ಅವನ ಕಣ್ಣು ತೇವವಾಗಿತ್ತು.

ಛೇ, ಇಂಥವನಾ ನನ್ನ ಬರಹವನ್ನು ಹೀಗಳೆದದ್ದು? ಅವಳು ಕಸಿವಿಸಿಯಿಂದ ಬೆರಳ ತುದಿಯಲ್ಲಿ ಒಣಗಿದ ಗೋಂದನ್ನು ಸುಲಿಯತೊಡಗಿದಳು.

ಅವನು ಅದನ್ನೇ ನೋಡುತ್ತಿದ್ದ.

*

ಅಂಗಡಿಗೆ ಮರಳಿದೊಡನೆ ಅವಳು ತನ್ನ ಕಾದಂಬರಿಯನ್ನು ಕಪಾಟಿನಿಂದ ಎಳೆದು ರದ್ದಿಯ ಬುಟ್ಟಿಗೆ ಎಸೆದಳು.

"ಅಯ್ಯೋ!" ಅವನು ಬುಟ್ಟಿಗೆ ಕೈ ಹಾಕಿದ.

"ಬಿಡಿ. ಕೆಲಸವಿಲ್ಲದವರು ಬರೆದದ್ದು."

"ಬರೆದವರ ಕಥಾನಾಯಕಿ ಕಸಿವಿಸಿಯಾದಾಗೆಲ್ಲ ಬೆರಳಿನ ಗೋಂದು ಸುಲಿಯುತ್ತಾಳೆ," ಎಂದ ಅವನು ಮೆಲ್ಲಗೆ. "ಈಗ ನೀವು ಸುಲೀತಿರೋ ಹಾಗೆ."

ಅವಳ ಬೆರಳು ಅಲ್ಲೇ ನಿಂತಿತು.

"ರಾತ್ರಿಯೆಲ್ಲ ಓದಿದೆ. ಮತ್ತೆ ಮತ್ತೆ. ಮೆಚ್ಚಿದ್ದನ್ನ ಮುಚ್ಚಿಡೋಕೆ ಬೆಳಿಗ್ಗೆ ಬಂದು ಕೂಗಾಡಿದೆ. ತಪ್ಪಾಯ್ತು ರೀ! ಆದರೆ 'ಮದುವೆಯಾದರೂ ನಾನು ಕೆಲಸ ಬಿಡುವುದಿಲ್ಲ, ಈಗ ಹೇಳು' ಅಂತ ಅವಳು ಕೇಳಿದ ಕಡೆಗೇ ಕಟ್ಟು ಮುಗಿದುಹೋಯ್ತು. ಅವನು ಏನಂದ?"

ಅತ್ತೆಯ ಸೂಜಿ ಗಾಳಿಯಲ್ಲೇ ನಿಂತಿತ್ತು. "ಹೌದು, ಏನಂದ? ನಾನೂ ಓದಿದೀನಿ ಕಣೇ. ಅಂಚಿನಲ್ಲಿ ತಿದ್ದಿರೋದು ನಿನ್ನ ಕೈಬರಹ ಅಂತ ನನಗೆ ಗೊತ್ತಾಗಲ್ವಾ?"

"ಅತ್ತೆ!!"

"ಹೇಳೇ ಸುಮ್ನೆ!"

ಅವಳು ಸೋತು ಮಣೆಯ ಮೇಲೆ ಕೂತಳು. "ನನಗೂ ಗೊತ್ತಿಲ್ಲ. ಬರೀತೀನಿ, ಹೊಡೆದು ಹಾಕ್ತೀನಿ. 'ಕೆಲಸ ಮಾಡು, ನಾನು ಬೇಡ ಅನ್ನಲ್ಲ' ಅಂತ ದೊಡ್ಡ ಮನಸ್ಸು ತೋರಿಸ್ತಾನೆ. ಅಪ್ಪಣೆ ಕೊಡೋಕೆ ಅವನ್ಯಾರು? ಅವಳ ಕೈ, ಅವಳ ಕೆಲಸ! ಅಂಥ ಉತ್ತರ ನನ್ನ ನಾಯಕಿಗೆ ಬೇಡ. ಬೇರೆ ಉತ್ತರ ಕೊಡೋ ಗಂಡಸನ್ನ ನಾನು ಕಂಡಿಲ್ಲ. ಹೇಗೆ ಬರೀಲಿ?"

ಅವನು ಕಾದಂಬರಿಯನ್ನು ಬುಟ್ಟಿಯಿಂದ ಎತ್ತಿ ಮೇಜಿನ ಮೇಲಿಟ್ಟ. ಆಮೇಲೆ ಅಂಗಿಯ ತೋಳು ಮಡಿಸಿ, ಅವಳ ಎದುರಿಗೇ ಕೂತು, ಗೋಂದಿನ ಬಟ್ಟಲು ಎಳೆದುಕೊಂಡ.

"ಏನ್ ಮಾಡ್ತಿದೀರಿ?"

"ಅವನು ಏನೂ ಹೇಳಲ್ಲ. ಪಕ್ಕದಲ್ಲಿ ಕೂತು, 'ಎಲ್ಲಿಂದ ಶುರು ಮಾಡ್ಲಿ' ಅಂತ ಕೇಳ್ತಾನೆ." ಅವನು ಕುಂಚ ಎತ್ತಿಕೊಂಡ. "ಅವನು ಹಾಗೆ ಕೇಳಿದ್ರೆ... ಅವಳು ಒಪ್ತಾಳಾ?"

ಎಷ್ಟು ಹಾಳೆ ಹರಿದು ಹಾಕಿದ್ದಳು! ಬೇಕಿದ್ದ ಮಾತು ಅಷ್ಟೇನಾ?

"ಮೊದಲು ಕುಂಚ ಸರಿಯಾಗಿ ಹಿಡೀಲಿ," ಎಂದಳು, ನಗುತ್ತಲೇ ಕಣ್ಣೊರೆಸಿಕೊಂಡು. "ನಡುವಿನಿಂದ ಅಂಚಿಗೆ ಬಳೀಬೇಕು. ಆಮೇಲೆ ಯೋಚಿಸ್ತಾಳೆ."

ಅವನು ನಾಲಿಗೆ ಕಚ್ಚಿಕೊಂಡು ಬಳಿದ. ರಟ್ಟಿಗಿಂತ ಹೆಚ್ಚು ಗೋಂದು ಮೇಜಿಗೆ, ಮೊಣಕೈಗೆ, ಕನ್ನಡಕಕ್ಕೆ. ಅತ್ತೆ ಬೇಕೆಂದೇ ದಾರದ ಉಂಡೆ ಹುಡುಕುತ್ತ ಹಿಂದಿನ ಕೋಣೆಗೆ ಹೋದಳು.

"ಅಡಿಟಿಪ್ಪಣಿಯವರೇ... ನಿಮ್ಮ ತೋಳು ರಟ್ಟಿಗೆ ಅಂಟಿಕೊಂಡಿದೆ."

"ಗೊತ್ತು."

"ಒಣಗಿದ ಮೇಲೆ ಬಿಡಿಸೋಕಾಗಲ್ಲ!"

ಅವನು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ.

"ಬಿಡಿಸಿ ಅಂತ ಕೇಳಿದವರ್ಯಾರು?"